ಕಾರಿಗೆ ಹೊರಗಡೆ ಮಾಡಿಫಿಕೇಶನ್ ಮಾಡಿಸುತ್ತೀರಾ? ವಾರಂಟಿ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ. "ಹೊರಗಡೆ ಹಾರ್ನ್ ಹಾಕಿಸಿದ್ದೆ. ಈಗ ಎಸಿ ಕೆಟ್ಟಿದೆ. ವೈರ್ ಮುಟ್ಟಿದ್ದೀರಿ, ವಾರಂಟಿ ಹೋಯ್ತು ಅಂತಾರೆ ಸರ್ವಿಸ್ ಸೆಂಟರ್‌ನವರು. ಏನು ಮಾಡಲಿ?" ಅಷ್ಟು ಹೊತ್ತಿಗೆ ಕೈ ಕಟ್ಟಿಹೋಗಿರುತ್ತದೆ. ಬಿಲ್ ಇರುವುದಿಲ್ಲ, ಫೋಟೋ ಇರುವುದಿಲ್ಲ, ಓದದೇ ಜಾಬ್ ಕಾರ್ಡ್‌ಗೆ (ಸರ್ವಿಸ್ ಸೆಂಟರ್‌ನವರು ದೂರು, ಕೆಲಸ ಬರೆದುಕೊಳ್ಳುವ ಹಾಳೆ) ಸಹಿ ಹಾಕಿ ಆಗಿರುತ್ತದೆ.

ಹಾರ್ನ್ ಹಾಕಿಸಿದ್ದು ತಪ್ಪಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಬಹಳ ಜನ ಮೊದಲು ಹಾಕಿಸಿ ಆಮೇಲೆ ವಾರಂಟಿ ಬಗ್ಗೆ ಯೋಚಿಸುತ್ತಾರೆ. ಕಾಗದದ ಕೆಲಸ ಮೊದಲು ಆಗಬೇಕು, ಸ್ಪ್ಯಾನರ್ ಆಮೇಲೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ದಯವಿಟ್ಟು ಹಿಂದುಮುಂದು ಮಾಡಬೇಡಿ.

ಕೈಯಲ್ಲಿ ಇರಬೇಕಾದವು

ಕಾರಿನ ಜೊತೆ ಬಂದ ವಾರಂಟಿ ಪುಸ್ತಕ, ಕಾರಿನ ಇನ್‌ವಾಯ್ಸ್, ಆರ್‌ಸಿ, ವಿಮೆ ಪಾಲಿಸಿ, ಇದುವರೆಗಿನ ಸರ್ವಿಸ್ ಬಿಲ್‌ಗಳು. ಫೋಟೋ ತೆಗೆಯಲು ಫೋನ್. ಸಾಧ್ಯವಾದರೆ ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಒಬಿಡಿ ಪೋರ್ಟ್‌ಗೆ ಸಿಕ್ಕಿಸಿ ಕಾರಿನ ದೋಷದ ಕೋಡ್ ಓದುವ ಸಣ್ಣ ಸ್ಕ್ಯಾನರ್. ಈ ಎರಡೂ ದುಬಾರಿ ಸಾಮಾನಲ್ಲ. ಮುಂದೆ ವಾದ ಬಂದಾಗ ಇವು ಕೊಡುವ ಸಾಕ್ಷಿಗೆ ಬೆಲೆ ಜಾಸ್ತಿ.

ಹಂತ 1: ವಾರಂಟಿ ಪುಸ್ತಕದ ಎರಡು ಪುಟ ಓದಿ

ಇಡೀ ಪುಸ್ತಕ ಬೇಡ. "ವಾರಂಟಿಗೆ ಒಳಪಡದವು" ಎಂಬ ಭಾಗ ಮತ್ತು "ಮಾಲೀಕರ ಜವಾಬ್ದಾರಿ" ಎಂಬ ಭಾಗ ಸಾಕು. ಅಲ್ಲಿನ ವಾಕ್ಯವನ್ನು ನಿಧಾನವಾಗಿ ಓದಿ. "ಮಾರ್ಪಾಡಿನಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ" ಎಂದಿದೆಯೇ, ಅಥವಾ "ಮಾರ್ಪಾಡು ಮಾಡಿದ ವಾಹನಕ್ಕೆ ವಾರಂಟಿ ಇಲ್ಲ" ಎಂದಿದೆಯೇ?

ಈ ಎರಡರ ನಡುವೆ ಬಹಳ ದೂರ ಇದೆ. ಮೊದಲನೆಯದಾದರೆ, ಹೊರಗಿನ ಸಾಮಾನಿಗೂ ಕೆಟ್ಟ ಭಾಗಕ್ಕೂ ಸಂಬಂಧ ಇರಬೇಕು. ಹಾರ್ನ್‌ನಿಂದ ಎಸಿ ಕಂಪ್ರೆಸರ್ ಹೇಗೆ ಕೆಟ್ಟಿತು ಎಂದು ನೀವು ಕೇಳಬಹುದು. ಎರಡನೆಯದಾದರೆ ನಿಮ್ಮ ಸ್ಥಿತಿ ಕಷ್ಟ. ಅಂಥ ಕಾರಿಗೆ ಮುಂದಿನ ಹಂತಗಳನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು.

ಅಮೆರಿಕದಲ್ಲಿ ಇದಕ್ಕೆ ಮ್ಯಾಗ್ನಸನ್–ಮಾಸ್ ಎಂಬ 1975ರ ಕಾಯ್ದೆ ಇದೆ. ಅಲ್ಲಿನ ವಿಡಿಯೋ ನೋಡಿ "ಕಂಪನಿಯೇ ಸಾಬೀತು ಮಾಡಬೇಕು" ಅಂತ ಇಲ್ಲಿ ಸರ್ವಿಸ್ ಸೆಂಟರ್‌ನಲ್ಲಿ ಜಗಳ ತೆಗೆಯುವವರಿದ್ದಾರೆ. ನಮ್ಮಲ್ಲಿ ವಾರಂಟಿಗೆಂದೇ ಅಂಥ ಕಾಯ್ದೆ ಇಲ್ಲ. ಇಲ್ಲಿ ಕೆಲಸಕ್ಕೆ ಬರುವುದು ವಾರಂಟಿ ಪುಸ್ತಕದ ಮಾತು ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ.

ಇನ್ನೊಂದು ಆಧಾರವೂ ಇದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಆದೇಶ ಹೊರಡಿಸಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕುವಂತಿಲ್ಲ, ಆ ಗ್ಯಾರೇಜಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ರದ್ದು ಮಾಡಬಹುದು ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಆದೇಶ ಇರುವುದು ರಿಪೇರಿ ಮತ್ತು ಬಿಡಿಭಾಗಗಳ ಬಗ್ಗೆ, ಮಾಡಿಫಿಕೇಶನ್ ಬಗ್ಗೆ ಅಲ್ಲ. ಹಾಗಾಗಿ ಇದನ್ನೇ ನಂಬಿ ಕೂರಬೇಡಿ. ಆದರೂ ಪತ್ರ ಬರೆಯುವಾಗ ಉಲ್ಲೇಖಿಸಲು ಒಳ್ಳೆಯ ತರ್ಕ.

ಹಂತ 2: ನೀವು ಮಾಡಿಸುವ ಕೆಲಸ ಯಾವ ಭಾಗವನ್ನು ಮುಟ್ಟುತ್ತದೆ?

ಈ ಹಂತಕ್ಕೆ ಸಮಯ ಕೊಡಿ. ಮಾಡಿಸಬೇಕೆಂದಿರುವ ಪ್ರತಿ ಕೆಲಸದ ಮುಂದೆ, ಅದು ಕಾರಿನ ಯಾವ ಭಾಗಕ್ಕೆ ಹೊರೆ ಹಾಕುತ್ತದೆ ಎಂದು ಬರೆಯಿರಿ. ಆ ಭಾಗದ ವಾರಂಟಿಯೇ ಅಪಾಯದಲ್ಲಿ ಇರುವುದು.

ಫ್ಲೋರ್ ಮ್ಯಾಟ್, ಮಡ್ ಫ್ಲಾಪ್, ಡೋರ್ ವೈಸರ್, ಬಾಡಿ ಕವರ್: ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮ್ಯಾಟ್ ಆಕ್ಸಿಲರೇಟರ್ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿದರೆ ಸಾಕು.

ಸೀಟ್ ಕವರ್ ಮಾತ್ರ ನಿರುಪದ್ರವಿ ಅಂತ ಅಂದುಕೊಳ್ಳಬೇಡಿ. ಆರು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಸಾಮಾನ್ಯವಾಗಿ ಸೀಟಿನ ಬದಿಯ ಹೊಲಿಗೆಯ ಒಳಗೆ ಇರುತ್ತದೆ. ಬಿಗಿಯಾದ ಕವರ್ ಅದನ್ನು ಮುಚ್ಚಿದರೆ, ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿ. ವಾರಂಟಿಗಿಂತ ಇದು ಜೀವದ ಪ್ರಶ್ನೆ. ಸೀಟ್ ಬಿಚ್ಚಿ ಕವರ್ ಹಾಕುವ ಅಂಗಡಿಯವರು ಸೀಟಿನ ಕೆಳಗಿನ ಹಳದಿ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಿತ್ತು ಹಾಗೇ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಂಡು ಕೂರುತ್ತದೆ. ಬದಿಯಲ್ಲಿ ಏರ್‌ಬ್ಯಾಗ್‌ಗೆ ಜಾಗ ಬಿಟ್ಟ, ನಿಮ್ಮ ಮಾಡೆಲ್‌ಗೆಂದೇ ಹೊಲಿದ ಕವರ್ ಮಾತ್ರ ಕೊಳ್ಳಿ.

ವಿದ್ಯುತ್ ಕೆಲಸದಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ಹೆಡ್‌ಲೈಟ್ ಉದಾಹರಣೆ ನೋಡಿ. ಕಂಪನಿ ಕೊಟ್ಟ ಎಚ್4 ಬಲ್ಬ್ (ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ ಇರುವುದು) 60/55 ವಾಟ್‌ನದ್ದು. ಲೋ ಬೀಮ್‌ನಲ್ಲಿ ಎರಡೂ ಬಲ್ಬ್ ಸೇರಿ ಸುಮಾರು 9 ಆಂಪ್ ಎಳೆಯುತ್ತವೆ. 100/90 ವಾಟ್ ಬಲ್ಬ್ ಹಾಕಿದರೆ ಅದೇ ವೈರ್‌ನಲ್ಲಿ ಸುಮಾರು 15 ಆಂಪ್ ಹರಿಯಬೇಕು. ವೈರ್ ಕಾಯುತ್ತದೆ, ಕಪ್ಲರ್ ಕರಗುತ್ತದೆ, ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ ಸುಡುತ್ತದೆ. ಆ ಸ್ವಿಚ್‌ಗೆ ವಾರಂಟಿ ಕೇಳಿದರೆ ಯಾರೂ ಕೊಡುವುದಿಲ್ಲ. ಕೇಳುವುದೂ ನ್ಯಾಯವಲ್ಲ.

ಟಚ್‌ಸ್ಕ್ರೀನ್, ಆಂಪ್ಲಿಫೈಯರ್, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್: ಇವುಗಳಲ್ಲಿ ಸಾಮಾನಿಗಿಂತ ಜೋಡಿಸುವ ರೀತಿ ಮುಖ್ಯ. ವೈರ್ ಕತ್ತರಿಸಿ, ತಿರುಚಿ, ಟೇಪ್ ಸುತ್ತಿದರೆ ಕಾರಿನ ವೈರ್‌ಗಳ ಇಡೀ ಕಟ್ಟಿನ, ಅಂದರೆ ವೈರಿಂಗ್ ಹಾರ್ನೆಸ್‌ನ ವಾರಂಟಿ ಕೈಬಿಟ್ಟಂತೆ. ಕಾರಿನ ಕಪ್ಲರ್‌ಗೇ ಸಿಕ್ಕಿಸುವ ಹಾರ್ನೆಸ್ ಬಳಸಿದರೆ ಒಂದು ವೈರ್‌ಗೂ ಗಾಯ ಆಗುವುದಿಲ್ಲ. ಬೇಡ ಅನ್ನಿಸಿದರೆ ಬಿಚ್ಚಿ ಮೊದಲಿನಂತೆ ಮಾಡಬಹುದು. ಈಗಿನ ಕಾರುಗಳಲ್ಲಿ ಕಂಟ್ರೋಲ್ ಯೂನಿಟ್‌ಗಳು ಒಂದೇ ಜೋಡಿ ವೈರ್‌ನಲ್ಲಿ ಪರಸ್ಪರ ಮಾತಾಡುತ್ತವೆ. ಗೊತ್ತಿಲ್ಲದೆ ಅಂಥ ವೈರ್‌ನಿಂದ ಕರೆಂಟ್ ಎಳೆದರೆ ಸಂಬಂಧವೇ ಇಲ್ಲದ ಕಡೆ ದೋಷ ಕಾಣಿಸುತ್ತದೆ.

ಚಕ್ರದ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ನಿಮ್ಮ ಕಾರಿನದ್ದು 185/65 ಆರ್15 ಎಂದಿಟ್ಟುಕೊಳ್ಳಿ. ಟೈರಿನ ಅಗಲ 185 ಮಿ.ಮೀ. ಅದರ ಶೇ. 65 ಎಂದರೆ 120.25 ಮಿ.ಮೀ., ಇದು ಟೈರ್ ಬದಿಯ ಎತ್ತರ. ಅದರ ಎರಡು ಪಟ್ಟು 240.5. ರಿಮ್ 15 ಇಂಚು, ಅಂದರೆ 381 ಮಿ.ಮೀ. ಒಟ್ಟು ವ್ಯಾಸ 621.5 ಮಿ.ಮೀ. ಈಗ 195/55 ಆರ್16 ಲೆಕ್ಕ ಹಾಕಿ: 620.9 ಮಿ.ಮೀ. ಹೆಚ್ಚುಕಡಿಮೆ ಅದೇ. ಆದರೆ 195/60 ಆರ್16 ಹಾಕಿದರೆ 640.4 ಮಿ.ಮೀ. ಆಗುತ್ತದೆ, ಶೇ. 3ಕ್ಕಿಂತ ಜಾಸ್ತಿ ವ್ಯತ್ಯಾಸ. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಲು ಶುರುಮಾಡುತ್ತದೆ. ಟೈರ್ ಮಡ್‌ಗಾರ್ಡ್ ಒಳಗೆ ತಾಗುವ ಸಾಧ್ಯತೆಯೂ ಇದೆ. ಅಲಾಯ್ ಹೊರಕ್ಕೆ ಚಾಚಿಕೊಂಡರೆ ವೀಲ್ ಬೇರಿಂಗ್ ಮೇಲೆ ಹೊರೆ. ಕಂಪನಿ ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕೊಡುವ ಸೈಜ್ ಆರಿಸಿದರೆ ವಾದಕ್ಕೆ ಜಾಗವೇ ಕಡಿಮೆ.

ಹಂಪ್‌ಗೆ ತಳ ತಾಗುತ್ತದೆ ಅಂತ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸುವವರು ಬಹಳ. ಅದರಿಂದ ಶಾಕ್ ಅಬ್ಸಾರ್ಬರ್ ಕೆಲಸ ಮಾಡುವ ರೀತಿ ಬದಲಾಗುತ್ತದೆ. ಸ್ಪೇಸರ್ ಹಾಕಿ ಕಾರು ಎತ್ತರಿಸಿದರೆ ಡ್ರೈವ್ ಶಾಫ್ಟ್‌ನ ಕೋನವೂ ಬದಲಾಗುತ್ತದೆ. ಸಸ್ಪೆನ್ಷನ್ ವಾರಂಟಿ ಬೇಕಿದ್ದರೆ ಇದನ್ನು ಬಿಟ್ಟುಬಿಡಿ.

ಅಂಡರ್‌ಬಾಡಿ ಕೋಟಿಂಗ್ ಮಾಡಿಸುವಾಗ ಬಾಗಿಲ ಕೆಳಗಿನ ಮತ್ತು ತಳದ ನೀರು ಹೋಗುವ ತೂತುಗಳು ಮುಚ್ಚಬಾರದು. ಮುಚ್ಚಿದರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ತುಕ್ಕಿನ ವಾರಂಟಿ ತಿರಸ್ಕರಿಸಲು ಆ ಕೋಟಿಂಗ್ ಒಂದೇ ಸಾಕಾಗುತ್ತದೆ.

ಕೊನೆಯದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಅದರ ಸಾಫ್ಟ್‌ವೇರ್ ಬದಲಿಸುವುದು, ಮತ್ತು ಟ್ಯೂನಿಂಗ್ ಬಾಕ್ಸ್. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ವಾರಂಟಿ ಇರುವಷ್ಟು ದಿನ ಬೇಡ. ಎಂಜಿನ್, ಟರ್ಬೊ, ಕ್ಲಚ್, ಗೇರ್‌ಬಾಕ್ಸ್ ಎಲ್ಲಕ್ಕೂ ಹೊರೆ ಬೀಳುತ್ತದೆ. ದುಬಾರಿ ಭಾಗಗಳೂ ಇವೇ. "ಸರ್ವಿಸ್‌ಗೆ ಮೊದಲು ಹಳೆಯ ಫೈಲ್ ಹಾಕಿಕೊಡ್ತೀವಿ, ಗೊತ್ತಾಗಲ್ಲ" ಎನ್ನುವ ಮಾತು ನಂಬಬೇಡಿ. ಎಷ್ಟು ಸಲ ಸಾಫ್ಟ್‌ವೇರ್ ಬರೆಯಲಾಗಿದೆ ಎಂಬ ಲೆಕ್ಕ ಅನೇಕ ಇಸಿಯುಗಳಲ್ಲಿ ಉಳಿಯುತ್ತದೆ. ಕಂಪನಿಯ ಸ್ಕ್ಯಾನರ್‌ಗೆ ಅದು ಸಿಗುತ್ತದೆ. ಡೀಸೆಲ್ ಕಾರಿನ ಹೊಗೆ ಕಡಿಮೆ ಮಾಡುವ ಡಿಪಿಎಫ್ ಅಥವಾ ಇಜಿಆರ್ ತೆಗೆಸುವುದಂತೂ ಹೊಗೆ ನಿಯಮದ ಉಲ್ಲಂಘನೆ.

ಎಲೆಕ್ಟ್ರಿಕ್ ಕಾರಿದ್ದರೆ ನಿಯಮ ಸರಳ. ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಹೊರಗಿನ ಯಾರ ಕೈಯೂ ಹೋಗಬಾರದು. ಅದು ಹೈ ವೋಲ್ಟೇಜ್ ಲೈನ್, ಪ್ರಾಣಕ್ಕೇ ಅಪಾಯ.

ಹಂತ 3: ಕಾನೂನು ಒಪ್ಪುತ್ತದೆಯೇ ನೋಡಿ

ಕಾನೂನು ಒಪ್ಪದ ಮಾಡಿಫಿಕೇಶನ್ ಇದ್ದರೆ ಮುಂದೆ ಯಾವ ಗ್ರಾಹಕ ಆಯೋಗದ ಮುಂದೆಯೂ ನಿಮ್ಮ ಮಾತಿಗೆ ತೂಕ ಕಡಿಮೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಉಲ್ಲಂಘಿಸಿದರೆ ಸೆಕ್ಷನ್ 182ಎ ಅಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್ ಬೇಡ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಎರಡು ಮೂರು ಸ್ವರ ಬರುವ ಹಾರ್ನ್‌ಗೆ ಅವಕಾಶ ಇಲ್ಲ. ಗಾಜಿನ ವಿಷಯದಲ್ಲಿ ಮುಂದೆ ಹಿಂದೆ ಕನಿಷ್ಠ ಶೇ. 70, ಪಕ್ಕದಲ್ಲಿ ಶೇ. 50 ಬೆಳಕು ಹಾಯಲೇಬೇಕು. ಬಣ್ಣ ಬದಲಿಸಿದರೆ, ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು. ಕಿಟ್‌ಗೆ ಅನುಮೋದನೆ ಇರಬೇಕು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರೆ ಎಂಜಿನ್ ಮತ್ತು ಇಂಧನ ವ್ಯವಸ್ಥೆಯ ವಾರಂಟಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಹಂತ 4: ಬರವಣಿಗೆಯಲ್ಲಿ ಕೇಳಿ

ಸರ್ವಿಸ್ ಅಡ್ವೈಸರ್ ಬಾಯಲ್ಲಿ "ಏನೂ ಆಗಲ್ಲ ಸಾರ್, ಹಾಕಿಸಿ" ಅಂದರೆ ಅದು ಸಾಕ್ಷಿ ಅಲ್ಲ. ಆರು ತಿಂಗಳಲ್ಲಿ ಅವರು ಬೇರೆ ಕಡೆ ಕೆಲಸಕ್ಕೆ ಹೋಗಿರುತ್ತಾರೆ. ಡೀಲರ್‌ಗೂ ಕಂಪನಿಯ ಕಸ್ಟಮರ್ ಕೇರ್‌ಗೂ ಒಂದೇ ಇಮೇಲ್ ಕಳಿಸಿ. ಕಾರಿನ ನೋಂದಣಿ ಸಂಖ್ಯೆ, ಛಾಸಿ ಸಂಖ್ಯೆ ಹಾಕಿ. ಹೀಗೆ ಬರೆದರೆ ಸಾಕು:

"ಈ ಕಾರಿಗೆ ವೈರ್ ಕತ್ತರಿಸದೆ, ಕಪ್ಲರ್ ಮೂಲಕ ಇಂಥ ರಿವರ್ಸ್ ಕ್ಯಾಮೆರಾ ಹಾಕಿಸಬೇಕೆಂದಿದ್ದೇನೆ. ಇದರಿಂದ ಯಾವ ಭಾಗದ ವಾರಂಟಿಗೆ ತೊಂದರೆ ಆಗುತ್ತದೆ, ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ಎಂದು ತಿಳಿಸಿ."

ಉತ್ತರ ಬಂದರೆ ಒಳ್ಳೆಯದು. ಬರದಿದ್ದರೂ ನೀವು ಮುಂಚೆಯೇ ಕೇಳಿದ್ದಿರಿ ಎಂಬುದು ದಾಖಲೆಯಲ್ಲಿ ಉಳಿಯುತ್ತದೆ.

ಇಲ್ಲೇ ಒಂದು ದೊಡ್ಡ ತಪ್ಪು ಆಗುವುದು. ಶೋರೂಮಿನಲ್ಲೇ ಹಾಕಿಸಿದೆ, ಹಾಗಾಗಿ ಕಂಪನಿಯದ್ದೇ ಎಂದು ಜನ ನಂಬುತ್ತಾರೆ. ಡೀಲರ್‌ಗಳು ಕಂಪನಿಯ ಆಕ್ಸೆಸರೀಸ್ ಜೊತೆಗೆ ಮಾರುಕಟ್ಟೆಯ ಸಾಮಾನನ್ನೂ ಮಾರುವುದುಂಟು. ಬಿಲ್‌ನಲ್ಲಿ ಕಂಪನಿಯ ಪಾರ್ಟ್ ನಂಬರ್ ಇದೆಯೇ ನೋಡಿ. ಬರೀ "ಆಕ್ಸೆಸರೀಸ್ ಕಿಟ್" ಎಂದು ಒಂದು ಸಾಲು, ಒಂದು ಮೊತ್ತ ಬರೆದಿದ್ದರೆ ಒಪ್ಪಬೇಡಿ. ಪ್ರತಿ ಸಾಮಾನಿನ ಹೆಸರು, ಪಾರ್ಟ್ ನಂಬರ್, ಅದರ ವಾರಂಟಿ ಅವಧಿ ಬರೆಸಿಕೊಳ್ಳಿ.

ಹಂತ 5: ಹಾಕಿಸುವ ದಿನ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾಕಿಸಿ, ನಿಮ್ಮೂರಿನ ಪರಿಚಯದ ಅಂಗಡಿಯಲ್ಲಿ ಹಾಕಿಸಿ, ಕ್ರಮ ಒಂದೇ.

ಕೆಲಸ ಶುರುವಾಗುವ ಮೊದಲು ಸ್ಕ್ಯಾನರ್ ಸಿಕ್ಕಿಸಿ. ದೋಷದ ಕೋಡ್ ಇಲ್ಲ ಎಂಬ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಗ್ನಿಷನ್ ಆನ್ ಮಾಡಿದಾಗ ದೀಪಗಳು ಹತ್ತಿ ಆರುವುದನ್ನು ವಿಡಿಯೋ ಮಾಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಯಬೇಕೇ ಎಂದು ಮಾಲೀಕರ ಕೈಪಿಡಿಯಲ್ಲಿ ನೋಡಿ, ಅದರಂತೆ ಮಾಡಿಸಿ.

ಪಕ್ಕದಲ್ಲೇ ನಿಲ್ಲಿ. ಮೆಕ್ಯಾನಿಕ್ ಟೆಸ್ಟ್ ಲ್ಯಾಂಪಿನ ಸೂಜಿಯಿಂದ ವೈರ್ ಚುಚ್ಚಿ ಚುಚ್ಚಿ ಹುಡುಕುತ್ತಿದ್ದರೆ ನಿಲ್ಲಿಸಿ. ನಿಮ್ಮ ಕಾರಿನ ವೈರಿಂಗ್ ಅವರಿಗೆ ಗೊತ್ತಿಲ್ಲ ಎಂಬುದಕ್ಕೆ ಅದೇ ಗುರುತು. ಜಾಸ್ತಿ ಕರೆಂಟ್ ಎಳೆಯುವ ಹಾರ್ನ್, ದೀಪ, ಆಂಪ್ಲಿಫೈಯರ್‌ಗಳಿಗೆ ಬ್ಯಾಟರಿಯಿಂದಲೇ ಬೇರೆ ಲೈನ್ ಬರಬೇಕು. ಆ ಲೈನ್‌ನಲ್ಲಿ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಹಾರ್ನ್ ಮತ್ತು ದೀಪಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಬೇಕೇ ಬೇಕು. ಡ್ಯಾಶ್‌ಕ್ಯಾಮ್‌ನಂಥ ಸಣ್ಣ ಸಾಮಾನಿಗೆ ಫ್ಯೂಸ್ ಬಾಕ್ಸ್‌ನಲ್ಲಿ ಸಿಕ್ಕಿಸುವ ಫ್ಯೂಸ್ ಟ್ಯಾಪ್ ಸಾಕು. ಏರ್‌ಬ್ಯಾಗ್ ಮತ್ತು ಎಬಿಎಸ್ ಫ್ಯೂಸ್‌ಗಳಿಂದ ಮಾತ್ರ ಕರೆಂಟ್ ತೆಗೆಯಲೇಬಾರದು.

ಪ್ಯಾನೆಲ್ ಮುಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೋ ತೆಗೆಯಿರಿ. ವೈರ್ ಕತ್ತರಿಸಿಲ್ಲ ಎಂದು ಸಾಬೀತು ಮಾಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಜಿಎಸ್‌ಟಿ ಬಿಲ್ ಕೇಳಿ. "ಬಿಲ್ ಇಲ್ದೆ ಕಡಿಮೆ ಮಾಡ್ತೀನಿ" ಅಂದರೆ ಎದ್ದು ಬನ್ನಿ. "ವಾರಂಟಿ ಹೋದ್ರೆ ನಾವು ನೋಡ್ಕೋತೀವಿ" ಅಂದರೂ ಅಷ್ಟೇ. ಬಿಚ್ಚಿದ ಒರಿಜಿನಲ್ ಬಲ್ಬ್, ಹಾರ್ನ್, ಸ್ಟೀರಿಯೊ, ನಟ್ಟು ಸಮೇತ ಎಲ್ಲ ಮನೆಗೆ ತನ್ನಿ. ಹಂತ 8ರಲ್ಲಿ ಅವು ಬೇಕಾಗುತ್ತವೆ.

ಹಂತ 6: ಮೊದಲ ವಾರದ ಪರೀಕ್ಷೆ

ಬೆಳಿಗ್ಗೆ ಬ್ಯಾಟರಿ ಇಳಿದಿರುವುದು, ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಆರದಿರುವುದು, ಫ್ಯೂಸ್ ಬಾಕ್ಸ್ ಬಿಸಿಯಾಗುವುದು, ಸುಟ್ಟ ವಾಸನೆ, ಹೊಸ ಚಕ್ರ ಹಾಕಿದ ಮೇಲೆ ಸ್ಟೀರಿಂಗ್ ನಡುಗುವುದು. ಇವುಗಳಲ್ಲಿ ಒಂದು ಕಂಡರೂ ಓಡಿಸುತ್ತಾ ಕಾಯಬೇಡಿ. ಅಲಾಯ್ ಹಾಕಿಸಿದ್ದರೆ ಮೊದಲ ನೂರು ಕಿ.ಮೀ. ಆಸುಪಾಸಿನಲ್ಲಿ ನಟ್ಟುಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೆ ನೋಡಿಸಿ.

ಬ್ಯಾಟರಿ ಸುಮ್ನೆ ಇಳಿಯುತ್ತಿದ್ದರೆ ಮಲ್ಟಿಮೀಟರ್‌ನಿಂದ ಪತ್ತೆ ಮಾಡಬಹುದು. ಕಾರು ಆಫ್ ಮಾಡಿ, ಬಾಗಿಲು ಮುಚ್ಚಿ, ಕೀ ದೂರ ಇಟ್ಟು ಅರ್ಧ ಗಂಟೆಗೂ ಜಾಸ್ತಿ ಬಿಡಿ. 10 ಆಂಪ್ ಸೆಟ್ಟಿಂಗ್‌ನಲ್ಲಿ ಮೀಟರನ್ನು ಬ್ಯಾಟರಿಯ ನೆಗೆಟಿವ್ ಮತ್ತು ಅದರ ಕೇಬಲ್ ನಡುವೆ ಜೋಡಿಸಿ. ಕೇಬಲ್ ತೆಗೆದು ಹಾಕಿದಾಗ ಕಾರು ಮತ್ತೆ ಎಚ್ಚರಗೊಳ್ಳುತ್ತದೆ. ಆದ್ದರಿಂದ ಅಂಕಿ ಇಳಿದು ಒಂದು ಕಡೆ ನಿಲ್ಲುವವರೆಗೆ ಕಾಯಿರಿ. ಸಾಮಾನ್ಯವಾಗಿ 50 ಮಿಲಿಆಂಪ್‌ಗಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಹೊಸ ಸಾಮಾನಿನ ಫ್ಯೂಸ್ ತೆಗೆದು ನೋಡಿ. ಅಂಕಿ ಇಳಿದರೆ ಕಳ್ಳ ಸಿಕ್ಕಿದ. ಮೀಟರ್ ಜೋಡಿಸಿರುವಾಗ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಹಂತ 7: ವಿಮೆ ಮತ್ತು ಎಕ್ಸ್‌ಟೆಂಡೆಡ್ ವಾರಂಟಿ

ವಿಮೆ ಬೇರೆ, ವಾರಂಟಿ ಬೇರೆ. ಒಂದಕ್ಕೆ ತಿಳಿಸಿದರೆ ಇನ್ನೊಂದಕ್ಕೆ ತಿಳಿಸಿದಂತೆ ಆಗುವುದಿಲ್ಲ. ಹೊರಗಿನ ವಿದ್ಯುತ್ ಸಾಮಾನನ್ನು ಪಾಲಿಸಿಗೆ ಸೇರಿಸಲು ಮೋಟಾರು ವಿಮೆಯ ಟ್ಯಾರಿಫ್‌ನಲ್ಲಿ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ಇದೆ. ಸಿಎನ್‌ಜಿ ಕಿಟ್‌ಗೂ ಅದೇ ದರ, ಜೊತೆಗೆ ಥರ್ಡ್ ಪಾರ್ಟಿಗೆ 60 ರೂಪಾಯಿ. ಸೇರಿಸದಿದ್ದರೆ ಆ ಸಾಮಾನಿಗೆ ಪರಿಹಾರ ಸಿಗುವುದಿಲ್ಲ.

ಎಕ್ಸ್‌ಟೆಂಡೆಡ್ ವಾರಂಟಿಗೆ ಬೇರೆಯದೇ ಷರತ್ತು ಇರುತ್ತದೆ. ಹಣ ಕಟ್ಟುವ ಮೊದಲೇ ಏನೇನು ಹಾಕಿಸಿದ್ದೀರಿ ಎಂದು ಇಮೇಲ್‌ನಲ್ಲಿ ಹೇಳಿ.

ಹಂತ 8: ಭಾಗ ಕೆಟ್ಟಾಗ ಸರ್ವಿಸ್ ಸೆಂಟರ್‌ನಲ್ಲಿ

ಹಾಕಿಸಿದ್ದನ್ನು ಬಿಚ್ಚಿ ಮುಚ್ಚಿಟ್ಟು ಹೋಗಬೇಡಿ. ಗುರುತು ಉಳಿದೇ ಉಳಿಯುತ್ತದೆ. ಸಿಕ್ಕಿಬಿದ್ದರೆ ನ್ಯಾಯವಾದ ಕ್ಲೈಮ್ ಕೂಡ ಹೋಗುತ್ತದೆ.

ಜಾಬ್ ಕಾರ್ಡ್‌ನಲ್ಲಿ ಲಕ್ಷಣ ಮಾತ್ರ ಬರೆಸಿ: "ಎಸಿ ತಂಪಾಗುತ್ತಿಲ್ಲ." ಅಡ್ವೈಸರ್ "ಹೊರಗಿನ ವೈರಿಂಗ್‌ನಿಂದ ದೋಷ" ಎಂದು ಮೊದಲೇ ಬರೆದರೆ ಸಹಿ ಹಾಕಬೇಡಿ. ಪರೀಕ್ಷೆಯೇ ಆಗಿಲ್ಲ, ಕಾರಣ ಹೇಗೆ ಗೊತ್ತಾಯ್ತು ಅಂತ ವಿನಯದಿಂದಲೇ ಕೇಳಿ. "ಹೊರಗಿನ ಹಾರ್ನ್ ಇದೆ" ಎಂದು ಬರೆಯುವುದಾದರೆ ಬರೆಯಲಿ, ಅದು ನಿಜ.

ಆಮೇಲೆ ಜೊತೆಯಲ್ಲೇ ಪರೀಕ್ಷೆ ಮಾಡಲು ಹೇಳಿ. ಮನೆಯಲ್ಲಿಟ್ಟಿದ್ದ ಒರಿಜಿನಲ್ ಹಾರ್ನ್ ತಂದು, ಹೊರಗಿನದ್ದನ್ನು ಅವರ ಎದುರೇ ಬಿಚ್ಚಿಸಿ ಹಾಕಿಸಿ. ದೋಷ ಹಾಗೇ ಉಳಿದರೆ ನಿಮ್ಮ ಅರ್ಧ ವಾದ ಅಲ್ಲೇ ಗೆದ್ದಂತೆ. ದೋಷ ಹೋದರೆ ತಪ್ಪು ಹೊರಗಿನ ಸಾಮಾನಿನದ್ದು, ಅಂಗಡಿಯವರ ಹತ್ತಿರ ಹೋಗಿ.

ವಾರಂಟಿ ಇಲ್ಲ ಅಂದರೆ ನಾಲ್ಕು ವಿಷಯ ಬರವಣಿಗೆಯಲ್ಲಿ ಕೇಳಿ. ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ, ಹೊರಗಿನ ಸಾಮಾನು ಅದಕ್ಕೆ ಹೇಗೆ ಕಾರಣ, ಯಾವ ಷರತ್ತಿನ ಅಡಿ ತಿರಸ್ಕಾರ. ಬಾಯಿ ಮಾತಿನ "ಇಲ್ಲ" ಕೇಳಿಸಿಕೊಂಡು ದುಡ್ಡು ಕಟ್ಟಿ ಬರುವುದೇ ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ತಪ್ಪು. ಕೊಡುವುದಿಲ್ಲ ಎಂದರೆ ಅಲ್ಲೇ ನಿಂತು, ಅವರು ಹೇಳಿದ್ದನ್ನು ಅವರ ಇಮೇಲ್‌ಗೇ ಬರೆದು ಕಳಿಸಿ.

ಕಾರು ತುರ್ತಾಗಿ ಬೇಕಿದ್ದರೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬಿಲ್ ಮೇಲೆ ಬರೆದು ಹಣ ಕಟ್ಟಿ. ಕೆಟ್ಟ ಭಾಗವನ್ನು ಮಾತ್ರ ಬಿಟ್ಟು ಬರಬೇಡಿ. ಹಣ ನಿಮ್ಮದಾದ ಮೇಲೆ ಹಳೆಯ ಭಾಗವೂ ನಿಮ್ಮದೇ.

ಹಂತ 9: ಆಮೇಲೂ ಒಪ್ಪದಿದ್ದರೆ

ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ದಾಖಲೆ ಸಮೇತ ದೂರು ಕೊಡಿ. ಡೀಲರ್ ಇಲ್ಲ ಅಂದದ್ದನ್ನು ಕಂಪನಿಯ ಏರಿಯಾ ಮ್ಯಾನೇಜರ್ ಒಪ್ಪುವುದುಂಟು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಇದು ತೀರ್ಪು ಕೊಡುವ ಜಾಗವಲ್ಲ, ಕಂಪನಿಯ ಜೊತೆ ಮಾತಾಡಿಸುತ್ತದೆ. ಆದರೂ ಉಪಯೋಗ ಇದೆ.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕಾರಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ದೂರು ಅಲ್ಲೇ. 5 ಲಕ್ಷದವರೆಗೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಶೋರೂಮ್ ಬೆಂಗಳೂರಿನಲ್ಲಿದ್ದು ನೀವು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ ದೂರು ಹಾಕಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ವಿವಾದ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರು ಪಕ್ಷ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಪರೀಕ್ಷೆ ಇಲ್ಲದೆ ದೋಷ ತಿಳಿಯದು ಅನ್ನಿಸಿದರೆ ಆಯೋಗವು ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 38ರ ಅಡಿ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ದೂರಿನಲ್ಲೇ ಈ ಪರೀಕ್ಷೆ ಬೇಕೆಂದು ಕೇಳಿಕೊಳ್ಳಿ. ಕೆಟ್ಟ ಭಾಗವನ್ನು ಅಲ್ಲಿಯವರೆಗೆ ಯಾರ ಕೈಗೂ ಬಿಚ್ಚಲು ಕೊಡಬೇಡಿ.